ಎಷ್ಟು ತಾಸು ಬಿಟ್ಟಾರ?

ನಮ್ಮ ಕಡೆ ಮಳೆಗಾಲ ಶುರುವಾಯಿತೆಂದರೆ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ತುಂಗಭದ್ರಾ ಜಲಾಶಯದ ಲೆಕ್ಕದ ಕಡೆಗೆ. ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಸಣ್ಣ ಚೌಕದೊಳಗೆ ನಾಲ್ಕೈದು ಅಂಕಿಗಳು. ಗಂಗಾವತಿ, ಸಿಂಧನೂರು, ಮಾನ್ವಿ, ಸಿರವಾರದ ತನಕ ಎಡದಂಡೆ ಕಾಲುವೆಯನ್ನು ನಂಬಿದವರ ಇಡೀ ವರ್ಷ ಆ ಅಂಕಿಗಳ ಮೇಲೆ ನಿಂತಿರುತ್ತದೆ. ರಾಯಚೂರು ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ನಾನು ಡೆಫಿನಿಟ್ ಇಂಟಿಗ್ರಲ್ ಪಾಠವನ್ನು ಆ ಚೌಕದಿಂದಲೇ ಆರಂಭಿಸುತ್ತೇನೆ. ಯಾಕೆಂದರೆ ಅದರಲ್ಲಿ ಎರಡು ಬಗೆಯ ಸಂಖ್ಯೆಗಳಿವೆ. ಕ್ಯುಸೆಕ್ ಹೇಳುವುದು ಈ ಗಳಿಗೆಯ ಹರಿವನ್ನು, ಸೆಕೆಂಡಿಗೆ ಎಷ್ಟು ಘನ ಅಡಿ ಎಂಬುದನ್ನು. ಟಿಎಂಸಿ ಹೇಳುವುದು ಕೂಡಿಬಿದ್ದ ನೀರನ್ನು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೊದಲನೆಯದು ಗೊತ್ತಿದ್ದು ಎರಡನೆಯದನ್ನು ಕಂಡುಹಿಡಿಯಬೇಕಾದಾಗ ಮಾಡುವ ಕೆಲಸಕ್ಕೇ ಇಂಟಿಗ್ರೇಷನ್ ಎನ್ನುತ್ತೇವೆ.

ಕಾಲುವೆಯ ಕೊನೆಭಾಗದಲ್ಲಿ ಭತ್ತ ಬೆಳೆಯುವ ಒಬ್ಬರು, ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ, ಪಾಲಕರ ಸಭೆಗೆ ಬಂದಾಗ ಮಾತು ಹೇಗೋ ನೀರಿನ ಕಡೆ ತಿರುಗಿತು. "ಅಷ್ಟು ಕ್ಯುಸೆಕ್ ಬಿಟ್ಟೀವಿ, ಇಷ್ಟು ಕ್ಯುಸೆಕ್ ಬಿಟ್ಟೀವಿ ಅಂತಾರ್ರೀ ಮ್ಯಾಡಮ್. ಎಷ್ಟು ತಾಸು ಬಿಟ್ಟಾರ, ನಡುವ ಎಷ್ಟು ತಗ್ಗಿತು, ಅದನ್ನ ಯಾರು ಹೇಳ್ತಾರ?" ಎಂದರು. ಕಾಲುವೆಯ 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂದು ದಿನವೂ ವಿಚಾರಿಸುವ ಜನ ಅವರು. ಹರಿವು ಮತ್ತು ನೀರು ಬೇರೆ ಬೇರೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರ ಮಗಳು ಅದೇ ವಾರ ನನ್ನ ತರಗತಿಯಲ್ಲಿ ಘಾತಗಳಿಗೆ ಹಚ್ಚುವ ಪವರ್ ರೂಲ್ ಹಚ್ಚಿ, ಮೇಲಿನ ಲಿಮಿಟ್ (ಲೆಕ್ಕ ಮುಗಿಯುವ ತುದಿ) ಹಾಕಿ, ಕೆಳಗಿನ ಲಿಮಿಟ್ (ಶುರುವಾಗುವ ತುದಿ) ಹಾಕಿದ್ದನ್ನು ಕಳೆದು, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಿದ್ದಳು. ತಂದೆ ಕೇಳಿದ ಪ್ರಶ್ನೆ ಮತ್ತು ಮಗಳು ಬಿಡಿಸುತ್ತಿದ್ದ ಲೆಕ್ಕ ಒಂದೇ ಎಂದು ತೋರಿಸುವುದು ನನ್ನ ಕೆಲಸ. ಪಠ್ಯಕ್ರಮದಲ್ಲಿ ಅದಕ್ಕೆ ಸಿಗುವ ಅವಧಿ ತೀರ ಕಡಿಮೆ.

ಹರಿವು ಬದಲಾಗದಿದ್ದರೆ ಲೆಕ್ಕ ಸುಲಭ. ದಿನಕ್ಕೆ 86,400 ಸೆಕೆಂಡು. 11,574 ಕ್ಯುಸೆಕ್ ನೀರು ಒಂದು ದಿನ ಒಂದೇ ಸಮನೆ ಹರಿದರೆ ಒಂದು ಟಿಎಂಸಿ. ಗುಣಿಸಿದರೆ ಮುಗಿಯಿತು. ಹರಿವು ಒಂದೇ ಸಮನೆ ಏರುತ್ತಿದ್ದರೂ ಕಷ್ಟವೇನಿಲ್ಲ: 6 ತಾಸಿನಲ್ಲಿ 1,000 ಕ್ಯುಸೆಕ್‌ನಿಂದ 3,000ಕ್ಕೆ ನೇರ ಗೆರೆಯಂತೆ ಏರಿದರೆ, ಸರಾಸರಿ 2,000ವನ್ನು 21,600 ಸೆಕೆಂಡಿನಿಂದ ಗುಣಿಸಿದರೆ ಆಯಿತು, 4 ಕೋಟಿ 32 ಲಕ್ಷ ಘನ ಅಡಿ. ಆದರೆ ಗೇಟು ನಿಧಾನವಾಗಿ ಎತ್ತಿ, ಒಂದಿಷ್ಟು ಹೊತ್ತು ಬಿಟ್ಟು, ಮತ್ತೆ ನಿಧಾನವಾಗಿ ಇಳಿಸಿದರೆ? ಆಗ ಗ್ರಾಫ್ ಬಾಗುತ್ತದೆ. ಬಾಗಿದ ಗೆರೆಯ ಸರಾಸರಿ ಎಷ್ಟು ಎಂದು ಹೇಳಲು ಶಾಲೆಯಲ್ಲಿ ಕಲಿತ ಯಾವ ಸೂತ್ರವೂ ಸಾಲದು.

ತರಗತಿಯಲ್ಲಿ ನಾನು ಕೊಡುವ ಲೆಕ್ಕ ಹೀಗಿದೆ. ಒಂದು ಉಪಕಾಲುವೆಗೆ 12 ತಾಸು ನೀರು. ಟಿ ತಾಸಿಗೆ ಹರಿವು 600ಟಿ − 50ಟಿ² ಕ್ಯುಸೆಕ್ ಎಂದಿಟ್ಟುಕೊಳ್ಳೋಣ. ಸೊನ್ನೆಯಿಂದ ಶುರುವಾಗಿ, 6ನೇ ತಾಸಿಗೆ 1,800 ಕ್ಯುಸೆಕ್ ಮುಟ್ಟಿ, 12ಕ್ಕೆ ಮತ್ತೆ ಸೊನ್ನೆ. ಪೆನ್ನು ಕೆಳಗಿಡಲು ಹೇಳಿ ಮೊದಲ ಪ್ರಶ್ನೆ ಕೇಳುತ್ತೇನೆ: ಒಟ್ಟು ನೀರು ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು? ಹರಿವು ಎಲ್ಲೂ 1,800 ದಾಟಿಲ್ಲ. ಹಾಗಾಗಿ 12ರಿಂದ ಗುಣಿಸಿದರೆ ಬರುವ 21,600 ಕ್ಯುಸೆಕ್-ತಾಸಿಗಿಂತ ಹೆಚ್ಚಾಗುವಂತಿಲ್ಲ. ಗ್ರಾಫ್ ಬರೆದರೆ ಕಮಾನಿನಂಥ ಗೆರೆ, ಅದರ ಕೆಳಗಿನ ವಿಸ್ತೀರ್ಣವೇ ಒಟ್ಟು ನೀರು. ಎರಡು ತುದಿಗಳನ್ನೂ ನೆತ್ತಿಯನ್ನೂ ನೇರ ಗೆರೆಯಿಂದ ಸೇರಿಸಿದರೆ ಆಗುವ ತ್ರಿಕೋನ ಕಮಾನಿನ ಒಳಗೇ ಇರುತ್ತದೆ. ಅದರ ವಿಸ್ತೀರ್ಣ 10,800. ಉತ್ತರ ಈ ಎರಡರ ನಡುವೆ ಎಲ್ಲೋ ಇದೆ. ಒಂದಕ್ಷರ ಇಂಟಿಗ್ರೇಷನ್ ಮಾಡದೆ ಇಷ್ಟು ದೂರ ಬಂದೆವು.

ಈಗ ಗ್ಯಾಂಗ್‌ಮನ್ ಒಬ್ಬರು ಎರಡೆರಡು ತಾಸಿಗೊಮ್ಮೆ ಗೇಜ್ ನೋಡಿ ಬರೆದುಕೊಂಡಿದ್ದಾರೆ ಎಂದುಕೊಳ್ಳಿ: 0, 1000, 1600, 1800, 1600, 1000, 0. ಕೂಡಿದರೆ 7,000, ಪ್ರತಿ ಓದಿಗೂ ಎರಡು ತಾಸು, ಹಾಗಾಗಿ 14,000. ತಾಸಿಗೊಮ್ಮೆ ಬರೆದಿದ್ದರೆ 14,300. ಅರ್ಧ ತಾಸಿಗೊಮ್ಮೆಯಾದರೆ 14,375. ಈ ಸಂಖ್ಯೆಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಸುಮ್ಮನಿರುತ್ತೇನೆ. ಯಾರಾದರೂ ಒಬ್ಬರು 14,400 ಎನ್ನುತ್ತಾರೆ. ಹೌದು, ಕೊರತೆ 400, ಆಮೇಲೆ 100, ಆಮೇಲೆ 25. ಅಂತರ ಅರ್ಧವಾದಾಗಲೆಲ್ಲ ಕೊರತೆ ಕಾಲು ಭಾಗವಾಗುತ್ತಿದೆ. ಪ್ರತಿ ಓದೂ ಗ್ರಾಫಿನ ಕೆಳಗೆ ಒಂದು ಉದ್ದ ಪಟ್ಟಿ. ಆ ಪಟ್ಟಿಗಳನ್ನು ಸಣ್ಣದು ಮಾಡುತ್ತ ಹೋದಂತೆ ಮೊತ್ತ ಯಾವ ಸಂಖ್ಯೆಯ ಕಡೆ ನಡೆಯುತ್ತದೋ ಆ ಸಂಖ್ಯೆಯೇ ಡೆಫಿನಿಟ್ ಇಂಟಿಗ್ರಲ್. ಜರ್ಮನಿಯ ಬೆರ್ನ್‌ಹಾರ್ಡ್ ರೀಮಾನ್ 1854ರಲ್ಲಿ ಇದನ್ನು ಬಿಗಿಯಾದ ವ್ಯಾಖ್ಯೆಯ ರೂಪಕ್ಕೆ ತಂದರು. ವ್ಯಾಖ್ಯೆಯಲ್ಲಿ ಎಲ್ಲೂ ಆ್ಯಂಟಿಡೆರಿವೇಟಿವ್ (ಯಾವುದು ಏರುವ ವೇಗ ನಮ್ಮ ಫಂಕ್ಷನ್ ಆಗಿದೆಯೋ ಅದು) ಎಂಬ ಮಾತಿಲ್ಲ ಎಂಬುದನ್ನು ಮಕ್ಕಳು ಗಮನಿಸಬೇಕು ಎಂಬುದು ನನ್ನ ಆಸೆ.

14,400 ಎಂಬ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಅದು 21,600ರ ಮೂರನೇ ಎರಡು ಭಾಗ, 10,800ರ ಮೂರನೇ ನಾಲ್ಕು ಭಾಗ. ಪ್ಯಾರಾಬೋಲದ ತುಂಡಿನ ವಿಸ್ತೀರ್ಣ ಅದರೊಳಗೆ ಕೂರುವ ಆ ತ್ರಿಕೋನದ 4/3 ಭಾಗ ಎಂದು ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಆರ್ಕಿಮಿಡೀಸ್ ಸಾಧಿಸಿದ್ದರು. ಅವರ ಕೈಯಲ್ಲಿ ಕಲನಶಾಸ್ತ್ರ ಇರಲಿಲ್ಲ. ಉಳಿದ ಜಾಗದಲ್ಲಿ ಮತ್ತೆ ಮತ್ತೆ ಚಿಕ್ಕ ತ್ರಿಕೋನಗಳನ್ನು ತುಂಬಿ, ಆ ಸರಣಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ನಮ್ಮ ನೆಲಕ್ಕೆ ಹತ್ತಿರದ ಕಥೆಯೂ ಒಂದಿದೆ. ಕೇರಳದ ಜ್ಯೇಷ್ಠದೇವ ಸುಮಾರು 1530ರಲ್ಲಿ ಮಲಯಾಳದಲ್ಲಿ ಬರೆದ ಯುಕ್ತಿಭಾಷಾದಲ್ಲಿ ವರ್ಗಗಳ ಮೊತ್ತದ ವಿಚಾರ ಬರುತ್ತದೆ: 1ರಿಂದ ಒಂದು ದೊಡ್ಡ ಸಂಖ್ಯೆಯವರೆಗಿನ ವರ್ಗಗಳನ್ನೆಲ್ಲ ಕೂಡಿ, ಆ ಸಂಖ್ಯೆಯ ಘನದಿಂದ ಭಾಗಿಸಿದರೆ ಮೂರನೇ ಒಂದರ ಹತ್ತಿರ ಬರುತ್ತದೆ. 10ರ ತನಕ ಕೂಡಿದರೆ 385, ಸಾವಿರದಿಂದ ಭಾಗಿಸಿದರೆ 0.385. 100ರ ತನಕ ಕೂಡಿದರೆ 0.33835. ಎಕ್ಸ್ ವರ್ಗವನ್ನು ಸೊನ್ನೆಯಿಂದ ಒಂದರವರೆಗೆ ಇಂಟಿಗ್ರೇಟ್ ಮಾಡಿದರೆ 1/3 ಎಂದು ನಾವು ಒಂದೇ ಸಾಲಿನಲ್ಲಿ ಬರೆಯುವುದರ ಹಿಂದೆ ಈ ಕೂಡಿಕೆ ಇದೆ. ಪ್ರತಿ ವರ್ಷ ಇದನ್ನು ಕೂಡಿಸಿ ತೋರಿಸುತ್ತೇನೆ. ಪರೀಕ್ಷೆಯಲ್ಲಿ ಬರುವುದಿಲ್ಲ, ಆದರೂ ಬಿಡುವುದಿಲ್ಲ.

ಹಾಗಾದರೆ ಲಿಮಿಟ್ ಹಾಕಿ ಕಳೆಯುವ ಪದ್ಧತಿ ಎಲ್ಲಿಂದ ಬಂತು? ಕರೆಂಟ್ ಮೀಟರಿನ ಓದಿನಂತೆ ಅದು. ತಿಂಗಳಿಡೀ ಯಾವ ಗಳಿಗೆಯಲ್ಲಿ ಎಷ್ಟು ವಿದ್ಯುತ್ ಎಳೆದೆವು ಎಂದು ಬಿಲ್ ಬರೆಯುವವರು ಕೇಳುವುದಿಲ್ಲ. ಈ ಸಲದ ಓದಿನಿಂದ ಹಿಂದಿನ ಸಲದ ಓದನ್ನು ಕಳೆಯುತ್ತಾರೆ. ಯಾಕೆಂದರೆ ಮೀಟರು ತಾನೇ ಗಳಿಗೆ ಗಳಿಗೆಗೂ ಕೂಡುತ್ತ ಬಂದಿರುತ್ತದೆ. ಆ್ಯಂಟಿಡೆರಿವೇಟಿವ್ ಅಂಥ ಮೀಟರು: ಅದು ಏರುವ ವೇಗವೇ ನಮ್ಮ ಫಂಕ್ಷನ್. ಮೀಟರು ಸೊನ್ನೆಯಿಂದ ಶುರುವಾಗಿತ್ತೋ 5,000ದಿಂದಲೋ, ಕಳೆಯುವಾಗ ಅದು ಹಾರಿಹೋಗುತ್ತದೆ. ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಪ್ಲಸ್ ಸಿ (ಕೊನೆಗೆ ಕೂಡುವ, ಬದಲಾಗದ ಒಂದು ಸಂಖ್ಯೆ) ಯಾಕೆ ಬರೆಯುವುದಿಲ್ಲ ಎಂಬ ಪ್ರಶ್ನೆಗೂ ಇದೇ ಉತ್ತರ. ನಮ್ಮ ಕಾಲುವೆಗೆ ಮೀಟರು 300ಟಿ² − (50/3)ಟಿ³. 12ರಲ್ಲಿ 43,200 ಕಳೆ 28,800, ಅಂದರೆ 14,400. ಸೊನ್ನೆಯಲ್ಲಿ ಸೊನ್ನೆ. ಒಂದು ತಾಸಿಗೆ 3,600 ಸೆಕೆಂಡಿನಂತೆ ಗುಣಿಸಿದರೆ 5 ಕೋಟಿ 18 ಲಕ್ಷ 40 ಸಾವಿರ ಘನ ಅಡಿ ನೀರು. ಪಟ್ಟಿ ಪಟ್ಟಿಯಾಗಿ ಕೂಡಬೇಕಿದ್ದ ಲೆಕ್ಕ ಎರಡು ಓದುಗಳ ವ್ಯತ್ಯಾಸಕ್ಕೆ ಇಳಿಯಿತು. ನ್ಯೂಟನ್ ಮತ್ತು ಲೈಬ್ನಿಟ್ಸ್ ಕೊಟ್ಟ ಈ ಒಂದು ಸಂಬಂಧವನ್ನು ಯೋಚಿಸಿದಾಗಲೆಲ್ಲ ನನಗೆ ಇಂದಿಗೂ ಮೈ ಜುಂ ಎನ್ನುತ್ತದೆ. ಇಂಟಿಗ್ರಲ್‌ನ ಉದ್ದನೆಯ ಗುರುತನ್ನು ಲೈಬ್ನಿಟ್ಸ್ 1675ರ ಅಕ್ಟೋಬರ್‌ನಲ್ಲಿ ಮೊತ್ತದ ಗುರುತಾಗಿಯೇ ಬರೆದರು. ಅದರ ಕೆಳಗೂ ಮೇಲೂ ಲಿಮಿಟ್‌ಗಳನ್ನು ಇಡುವ ಪದ್ಧತಿ ಫ್ರಾನ್ಸಿನ ಜೋಸೆಫ್ ಫೂರಿಯೆಯವರದು. ಉಷ್ಣದ ಹರಿವಿನ ಬಗ್ಗೆ ಅವರು 1822ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ನೆಲೆಯೂರಿತು.

ಇಷ್ಟು ಒಳ್ಳೆಯ ಸಲಕರಣೆ ಕೈಗೆ ಸಿಕ್ಕಾಗ ಕಣ್ಣು ಮುಚ್ಚಿ ಬಳಸುವ ಅಭ್ಯಾಸವೂ ಅಂಟಿಕೊಳ್ಳುತ್ತದೆ. 1 ಭಾಗಿಸು ಎಕ್ಸ್ ವರ್ಗ, ಮೈನಸ್ ಒಂದರಿಂದ ಒಂದರವರೆಗೆ. ತರಗತಿಯಲ್ಲಿ ಬಹುತೇಕರು ಪವರ್ ರೂಲ್ ಹಚ್ಚುತ್ತಾರೆ, ಮೈನಸ್ 1 ಭಾಗಿಸು ಎಕ್ಸ್ ಎಂದು ಬರೆಯುತ್ತಾರೆ, ಲಿಮಿಟ್ ಹಾಕುತ್ತಾರೆ, ಮೈನಸ್ ಎರಡು.

"ಮ್ಯಾಡಮ್, ಮೈನಸ್ ಎರಡು ಬಂತ್ರೀ. ಸರಿ ಅದ ಏನ್ರೀ?"

"ಈ ಫಂಕ್ಷನ್ ಎಲ್ಲಾದರೂ ಮೈನಸ್ ಆಗ್ತದೇನವ್ವಾ?"

"ಇಲ್ರೀ. ವರ್ಗ ಅದ."

"ಮತ್ತ ಎಲ್ಲಾ ಪ್ಲಸ್ ಕೂಡಿದ್ರ ಮೈನಸ್ ಹೆಂಗ ಬಂತು?"

ಆ ಹುಡುಗಿ ಮೌನವಾಗಿ ಗ್ರಾಫ್ ಬರೆದಳು. ಎಕ್ಸ್ ಸೊನ್ನೆಯ ಹತ್ತಿರ ಬಂದಂತೆ ಗೆರೆ ಮುಗಿಲಿಗೆ ಏರಿತು. ನಟ್ಟನಡುವೆ ಫಂಕ್ಷನ್‌ಗೆ ಬೆಲೆಯೇ ಇಲ್ಲ. ಅಲ್ಲಿ ಮೀಟರು ಮುರಿದಿದೆ, ಎರಡು ಕಡೆಯ ಓದುಗಳನ್ನು ಕಳೆಯುವುದಕ್ಕೆ ಅರ್ಥವಿಲ್ಲ. ನಿಜದಲ್ಲಿ ಆ ವಿಸ್ತೀರ್ಣಕ್ಕೆ ಮಿತಿಯೇ ಇಲ್ಲ. ಈ ಒಂದು ಲೆಕ್ಕವನ್ನು ತಾವೇ ನೋಡಿ ಬೆಚ್ಚಿದ ಮಕ್ಕಳು ಮುಂದೆ ಲಿಮಿಟ್‌ಗಳ ನಡುವೆ ಫಂಕ್ಷನ್ ಎಲ್ಲಾದರೂ ಕಡಿದಿದೆಯೇ ಎಂದು ನೋಡದೆ ಕೈ ಹಚ್ಚುವುದಿಲ್ಲ.

ಸಬ್‌ಸ್ಟಿಟ್ಯೂಷನ್‌ನಲ್ಲಿ ಅಂಕ ಕಳೆದುಕೊಳ್ಳುವ ಜಾಗ ಎಲ್ಲರಿಗೂ ಗೊತ್ತು: ಎಕ್ಸ್ ಬದಲಿಗೆ ಯು ಬರೆದು, ಲಿಮಿಟ್ ಮಾತ್ರ ಎಕ್ಸ್‌ನದೇ ಇಡುವುದು. 2ಎಕ್ಸ್ × (ಎಕ್ಸ್² + 1)³, ಸೊನ್ನೆಯಿಂದ ಎರಡರವರೆಗೆ. ಯು ಎಂದರೆ ಎಕ್ಸ್² + 1 ಎಂದಾಗ ಲಿಮಿಟ್‌ಗಳು 1 ಮತ್ತು 5 ಆಗಬೇಕು. ಉತ್ತರ 625ರಿಂದ 1 ಕಳೆದು ನಾಲ್ಕರಿಂದ ಭಾಗಿಸಿದ 156. ಹಳೆಯ ಲಿಮಿಟ್ ಇಟ್ಟರೆ ಬರುವುದು 4. ನಿಯಮ ನೆನಪಿಸಿ ಬೈಯುವುದಕ್ಕಿಂತ ಒಂದು ಅಂದಾಜು ಹೆಚ್ಚು ಕೆಲಸ ಮಾಡುತ್ತದೆ. ಎಕ್ಸ್ 1 ಆದಾಗ ಫಂಕ್ಷನ್‌ನ ಬೆಲೆ 16, 2 ಆದಾಗ 500. ಒಂದರಿಂದ ಎರಡರ ನಡುವಿನ ಭಾಗವೊಂದೇ 16ಕ್ಕಿಂತ ಹೆಚ್ಚು. ಅಂದಮೇಲೆ ಇಡೀ ಉತ್ತರ 4 ಆಗಲು ಹೇಗೆ ಸಾಧ್ಯ? ಇಷ್ಟು ಕೇಳಿಕೊಳ್ಳುವ ವಿದ್ಯಾರ್ಥಿಗೆ ಲಿಮಿಟ್ ಬದಲಿಸಲು ಮರೆತರೂ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಮತ್ತೆ ಜಲಾಶಯಕ್ಕೆ ಬರುತ್ತೇನೆ, ಏಕೆಂದರೆ ಪ್ಲಸ್ ಮೈನಸ್ ಗೊಂದಲ ಅಲ್ಲಿ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಸೈನ್ ಎಕ್ಸ್ ಅನ್ನು ಸೊನ್ನೆಯಿಂದ ಎರಡು ಪೈವರೆಗೆ ಇಂಟಿಗ್ರೇಟ್ ಮಾಡಿದರೆ ಸೊನ್ನೆ. ಆದರೆ ಗೆರೆ ಮತ್ತು ಅಕ್ಷದ ನಡುವಿನ ವಿಸ್ತೀರ್ಣ 4. ಎರಡೂ ಸರಿಯಾದ ಉತ್ತರಗಳೇ, ಕೇಳಿದ ಪ್ರಶ್ನೆಗಳು ಬೇರೆ. ಒಳಹರಿವಿನಿಂದ ಹೊರಹರಿವು ಕಳೆದು ದಿನವಿಡೀ ಕೂಡಿದರೆ, ಆವಿಯಾಗಿ ಹೋದದ್ದನ್ನು ಬಿಟ್ಟರೆ, ಸಂಗ್ರಹ ಎಷ್ಟು ಬದಲಾಯಿತು ಎಂದು ಸಿಗುತ್ತದೆ. ಬೆಳಿಗ್ಗೆ ಏರಿ ಸಂಜೆ ಅಷ್ಟೇ ಇಳಿದರೆ ಬದಲಾವಣೆ ಸೊನ್ನೆ. ಹಾಗೆಂದು ಆ ದಿನ ನೀರೇ ಹರಿಯಲಿಲ್ಲ ಎನ್ನಲಾಗದು. ಸಂಗ್ರಹದ ಬದಲಾವಣೆ ಬೇಕಿದ್ದರೆ ಗುರುತುಗಳನ್ನು ಹಾಗೇ ಬಿಡಬೇಕು. ಓಡಾಡಿದ ಒಟ್ಟು ನೀರು ಬೇಕಿದ್ದರೆ ಗೆರೆ ಅಕ್ಷ ದಾಟುವ ಕಡೆಯಲ್ಲೆಲ್ಲ ಲೆಕ್ಕವನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಪ್ಲಸ್ ಮಾಡಿ ಕೂಡಬೇಕು. ಮಾಡ್ಯುಲಸ್ ಲೆಕ್ಕಗಳೂ ಹೀಗೆಯೇ. ಎಕ್ಸ್ ಮೈನಸ್ 1ರ ಮಾಡ್ಯುಲಸ್ (ಮೈನಸ್ ಗುರುತು ತೆಗೆದ ಬೆಲೆ), ಸೊನ್ನೆಯಿಂದ ನಾಲ್ಕರವರೆಗೆ: ಚಿತ್ರ ಬರೆದರೆ ಎರಡು ತ್ರಿಕೋನ, ಅರ್ಧ ಮತ್ತು ನಾಲ್ಕೂವರೆ, ಒಟ್ಟು 5.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ಆಗ ತುಂಬಿತ್ತು. ಆ ಒಂದೇ ಜಾಗದಿಂದ ಸುಮಾರು 35,000 ಕ್ಯುಸೆಕ್ ನೀರು ಹೊರಗೆ. ಮರುದಿನ ನಮ್ಮ ಭಾಗದ ಪ್ರತಿ ಚಹಾ ಅಂಗಡಿಯಲ್ಲೂ ಒಂದೇ ಮಾತು: ಎಷ್ಟು ನೀರು ಹೋಗ್ತದ, ಬೆಳೆಗೆ ಎಷ್ಟು ಉಳಿತದ? ದಿನಕ್ಕೆ ಮೂರು ಟಿಎಂಸಿ ಎಂದು ಗುಣಿಸಿ ಹೇಳಿದವರಿದ್ದರು. 35,000ವನ್ನು 11,574ರಿಂದ ಭಾಗಿಸಿದರೆ ಮೂರು ಬರುತ್ತದೆ, ಮೊದಲ ದಿನಕ್ಕೆ ಅದು ಒಳ್ಳೆಯ ಅಂದಾಜೇ. ಆದರೆ ನೀರಿನ ಮಟ್ಟ ಇಳಿದಂತೆ ಹರಿವೂ ಇಳಿಯುತ್ತದೆ. ತಡೆಗೋಡೆಯ ಮೇಲೆ ಹಾದು ಬೀಳುವ ನೀರಿನ ಹರಿವು ಅದರ ಮೇಲಿರುವ ನೀರಿನ ಎತ್ತರದ ಒಂದೂವರೆ ಘಾತಕ್ಕೆ ಅನುಗುಣವಾಗಿರುತ್ತದೆ. ಎತ್ತರ ಕಾಲು ಭಾಗಕ್ಕೆ ಬಂದರೆ ಹರಿವು ಎಂಟನೇ ಒಂದು ಭಾಗಕ್ಕೆ ಬರುತ್ತದೆ. ಲೆಕ್ಕಕ್ಕಾಗಿ, ಐದು ದಿನಗಳಲ್ಲಿ ಹರಿವು 35,000ದಿಂದ 25,000ಕ್ಕೆ ಒಂದೇ ಸಮನೆ ಇಳಿಯಿತೆಂದು ಹಿಡಿದರೂ ಹೋಗುವ ನೀರು ಸುಮಾರು 13 ಟಿಎಂಸಿ. ಮೊದಲ ದಿನದ ಹರಿವನ್ನೇ ಐದರಿಂದ ಗುಣಿಸಿದರೆ 15 ದಾಟುತ್ತದೆ. ಎರಡು ಟಿಎಂಸಿಯ ವ್ಯತ್ಯಾಸ ಕೊನೆಭಾಗದವರಿಗೆ ಸಣ್ಣದಲ್ಲ. ಹರಿಯುವ ನೀರಿನಲ್ಲೇ ನಿಂತು ದುಡಿದ ತಂತ್ರಜ್ಞರು ಮತ್ತು ಕಾರ್ಮಿಕರು ಗೇಟುಗಳ ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿದರು, ಆಮೇಲೆ ಮಳೆಯೂ ಕೈಹಿಡಿಯಿತು. ಆ ವಾರ ನಾನು ತರಗತಿಯಲ್ಲಿ ಬೇರೇನೂ ಮಾಡಲಿಲ್ಲ. ಮಕ್ಕಳು ಪತ್ರಿಕೆಯ ಅಂಕಿಗಳನ್ನು ತಂದು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು, ಚೌಕಗಳನ್ನು ಎಣಿಸಿದರು. ಹಿಂದಿನ ಬೆಂಚಿನಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ ಅವತ್ತು ಎದ್ದುನಿಂತು, ಮಟ್ಟ ಇಳಿಸಲು ಉಳಿದ ಗೇಟುಗಳಿಂದ ಬಿಡುವ ನೀರನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದ. ಅವನ ಮನೆಯವರದು ಕಾಲುವೆ ಬದಿಯ ಹೊಲ.

ಅದೇ ಜಲಾಶಯದಲ್ಲಿ ಇನ್ನೊಂದು ಇಂಟಿಗ್ರಲ್ ಅಡಗಿದೆ. ಪೂರ್ಣ ಮಟ್ಟ 1,633 ಅಡಿ. ತುಂಬಿದಾಗ ನೀರು ಹರಡುವ ವಿಸ್ತೀರ್ಣ ಸುಮಾರು 378 ಚದರ ಕಿಲೋಮೀಟರ್ ಎಂದು ಲೆಕ್ಕ. ಒಂದು ಚದರ ಕಿಲೋಮೀಟರಿಗೆ ಒಂದು ಕೋಟಿ ಏಳೂವರೆ ಲಕ್ಷ ಚದರ ಅಡಿಗಿಂತ ತುಸು ಹೆಚ್ಚು. ಹಾಗಾಗಿ ನೆತ್ತಿಯ ಆ ಕೊನೆಯ ಒಂದು ಅಡಿಯಲ್ಲೇ ಸುಮಾರು 4 ಟಿಎಂಸಿ ನೀರು ನಿಲ್ಲುತ್ತದೆ. ತಳದ ಹತ್ತಿರ ಒಂದು ಅಡಿ ಏರಿದರೆ ಅದರ ಸಣ್ಣ ಪಾಲೂ ಇಲ್ಲ, ಅಲ್ಲಿ ಜಾಗವೇ ಕಿರಿದು. ಜಲಾಶಯದ ಸಾಮರ್ಥ್ಯ ಅಳೆಯುವವರು ಒಂದೊಂದು ಮಟ್ಟದಲ್ಲೂ ನೀರಿನ ಹರವು ಎಷ್ಟು ಎಂದು ಸರ್ವೆ ಮಾಡಿ, ಆ ತೆಳು ಪದರಗಳನ್ನೆಲ್ಲ ತಳದಿಂದ ನೆತ್ತಿಯವರೆಗೆ ಕೂಡುತ್ತಾರೆ. ಎತ್ತರದ ಮೇಲೆ ವಿಸ್ತೀರ್ಣದ ಇಂಟಿಗ್ರಲ್ ಅದು, ಅದಕ್ಕೆ ಯಾವ ಸೂತ್ರವೂ ಇಲ್ಲ. ನದಿ, ಗುಡ್ಡ, ಹೂಳು ಸೇರಿ ರೂಪಿಸಿದ ಫಂಕ್ಷನ್‌ಗೆ ಆ್ಯಂಟಿಡೆರಿವೇಟಿವ್ ಹುಡುಕುವವರು ಯಾರು? ಅಳೆದ ಸಂಖ್ಯೆಗಳನ್ನು ಕೂಡುವುದೊಂದೇ ದಾರಿ. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.788 ಟಿಎಂಸಿ ಎಂದು ಹೇಳುವಾಗ ಹೀಗೆ ಎರಡು ಬಾರಿ ಕೂಡಿದ ಮೊತ್ತಗಳನ್ನು ಹೋಲಿಸುತ್ತಿದ್ದೇವೆ. ನಡುವಿನ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ.

ಪರೀಕ್ಷೆಯ ಮಾತಿಗೆ ಬಂದರೆ, ನಮ್ಮ ಪಿಯು ಪತ್ರಿಕೆಗಳಲ್ಲಿ ಹಲವು ಬಾರಿ ಕಾಣಿಸಿಕೊಂಡ ಒಂದು ಲೆಕ್ಕ ನನಗೆ ಬಹಳ ಪ್ರೀತಿಯದು: ಲಾಗ್ ಆಫ್ 1 ಪ್ಲಸ್ ಟ್ಯಾನ್ ಎಕ್ಸ್, ಸೊನ್ನೆಯಿಂದ ಪೈ/4ರವರೆಗೆ. ಮಕ್ಕಳು ಇದನ್ನು ಪ್ರಾಪರ್ಟಿ ಹಚ್ಚುವ ಲೆಕ್ಕ ಎಂದು ಬಾಯಿಪಾಠ ಮಾಡುತ್ತಾರೆ. ಎಕ್ಸ್ ಇರುವಲ್ಲೆಲ್ಲ ಪೈ/4 ಮೈನಸ್ ಎಕ್ಸ್ ಬರೆ, ಐ ಪ್ಲಸ್ ಐ ಮಾಡು, ಎರಡರಿಂದ ಭಾಗಿಸು. ಅಂಕ ಬರುತ್ತದೆ. ಆದರೆ ಒಳಗೆ ನಡೆಯುತ್ತಿರುವುದು ಎಷ್ಟು ಚಂದ! ಟ್ಯಾನ್ ಎಕ್ಸ್ ಅನ್ನು ಟಿ ಎಂದರೆ, ಎದುರು ತುದಿಯಿಂದ ಅಷ್ಟೇ ದೂರದ ಬಿಂದುವಿನಲ್ಲಿ ಟ್ಯಾನ್‌ನ ಬೆಲೆ 1 ಮೈನಸ್ ಟಿ ಭಾಗಿಸು 1 ಪ್ಲಸ್ ಟಿ. ಅದಕ್ಕೆ ಒಂದು ಕೂಡಿದರೆ 2 ಭಾಗಿಸು 1 ಪ್ಲಸ್ ಟಿ. ಎರಡೂ ಬಿಂದುಗಳ ಲಾಗ್ ಕೂಡಿದಾಗ 1 ಪ್ಲಸ್ ಟಿ ಹೊಡೆದುಹೋಗಿ ಲಾಗ್ 2 ಮಾತ್ರ ಉಳಿಯುತ್ತದೆ. ಎಡ ತುದಿಯಿಂದ ಎಷ್ಟು ದೂರ ನಿಂತರೂ, ಬಲ ತುದಿಯಿಂದ ಅಷ್ಟೇ ದೂರದಲ್ಲಿ ಒಬ್ಬ ಜೊತೆಗಾರ ಸಿಗುತ್ತಾನೆ, ಇಬ್ಬರ ಮೊತ್ತ ಯಾವಾಗಲೂ ಲಾಗ್ 2. ಹಾಗಾದರೆ ಇಡೀ ಹರವಿನಲ್ಲಿ ಫಂಕ್ಷನ್‌ನ ಸರಾಸರಿ ಲಾಗ್ 2ರ ಅರ್ಧ. ಅಗಲ ಪೈ/4. ಗುಣಿಸಿದರೆ ಪೈ/8 ಲಾಗ್ 2, ಸುಮಾರು 0.272. ಈ ಫಂಕ್ಷನ್‌ನ ಆ್ಯಂಟಿಡೆರಿವೇಟಿವ್ ನಾವು ಬಲ್ಲ ಸಾಮಾನ್ಯ ಫಂಕ್ಷನ್‌ಗಳಲ್ಲಿ ಬರೆಯಲು ಬರುವುದೇ ಇಲ್ಲ. ಮೀಟರು ಇಲ್ಲದಿದ್ದರೂ ಉತ್ತರ ಪೂರ್ತಿ ನಿಖರವಾಗಿ ಸಿಕ್ಕಿತು, ಫಂಕ್ಷನ್ ಅನ್ನು ನೋಡಿದ್ದರಿಂದ. ರೂಟ್ ಸೈನ್ ಭಾಗಿಸು ರೂಟ್ ಸೈನ್ ಪ್ಲಸ್ ರೂಟ್ ಕಾಸ್ ಎಂಬ ಇನ್ನೊಂದು ಹಳೆಯ ಪ್ರಶ್ನೆಗೂ ಇದೇ ಕಣ್ಣು ಸಾಕು: ಜೋಡಿಗಳ ಮೊತ್ತ 1, ಸರಾಸರಿ ಅರ್ಧ, ಅಗಲ ಪೈ/2, ಉತ್ತರ ಪೈ/4. ಸೈನ್‌ನ ಏಳನೇ ಘಾತವನ್ನು ಮೈನಸ್ ಪೈ/2ರಿಂದ ಪೈ/2ರವರೆಗೆ ಕೇಳಿದರೆ ಎಡಗಡೆಯದು ಬಲಗಡೆಯದನ್ನು ಪೂರ್ತಿ ಅಳಿಸುತ್ತದೆ, ಸೊನ್ನೆ. ಅದಕ್ಕೆ ಅರ್ಧ ಪುಟ ತುಂಬಿಸುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಪ್ಪು ಅವರದಲ್ಲ, ಲೆಕ್ಕ ಕಂಡ ಕೂಡಲೇ ಕೈ ಓಡಬೇಕು ಎಂದು ನಾವೇ ಅವರನ್ನು ಪಳಗಿಸಿದ್ದೇವೆ. ಸಿಇಟಿಯ ಗಡಿಯಾರ ಅದನ್ನು ಇನ್ನಷ್ಟು ಬಿಗಿ ಮಾಡಿದೆ.

ನಾನು ಈಗ ಹೋಂವರ್ಕ್ ಕೊಡುವಾಗ ಪ್ರತಿ ಡೆಫಿನಿಟ್ ಇಂಟಿಗ್ರಲ್‌ನ ಪಕ್ಕದಲ್ಲಿ ಎರಡು ಖಾಲಿ ಜಾಗ ಬಿಡುತ್ತೇನೆ: ಉತ್ತರ ಇದಕ್ಕಿಂತ ಹೆಚ್ಚು, ಇದಕ್ಕಿಂತ ಕಡಿಮೆ. ಅವನ್ನು ತುಂಬಿದ ಮೇಲೆಯೇ ಬಿಡಿಸಬೇಕು. ಶುರುವಿನಲ್ಲಿ ಗೊಣಗುತ್ತಾರೆ. ಅಂಕವಿಲ್ಲದ ಕೆಲಸ ಯಾಕೆ ಎಂದು ಕೇಳುವ ಪಾಲಕರೂ ಇದ್ದಾರೆ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕೆಲವು ವಾರಗಳಲ್ಲಿ ಚಿತ್ರ ಬರೆಯದೆ ಲೆಕ್ಕ ಶುರು ಮಾಡುವವರು ಕಡಿಮೆಯಾಗುತ್ತಾರೆ, ಪ್ಲಸ್ ಇರಬೇಕಾದಲ್ಲಿ ಮೈನಸ್ ಬಂದರೆ ನನ್ನನ್ನು ಕೇಳದೆ ತಾವೇ ಹಿಂದಕ್ಕೆ ಹೋಗುತ್ತಾರೆ.

ಪಾಠದ ಕೊನೆಯ ದಿನ ಪಠ್ಯದಲ್ಲಿಲ್ಲದ ಒಂದನ್ನು ಕೊಡುತ್ತೇನೆ: ಇ ಟು ದಿ ಪವರ್ ಮೈನಸ್ ಎಕ್ಸ್ ಸ್ಕ್ವೇರ್, ಸೊನ್ನೆಯಿಂದ ಒಂದರವರೆಗೆ. ಸಂಖ್ಯಾಶಾಸ್ತ್ರದ ಗಂಟೆಯಾಕಾರದ ಗೆರೆಯ ತಿರುಳು ಇದು. ಇದಕ್ಕೆ ಸಾಮಾನ್ಯ ಫಂಕ್ಷನ್‌ಗಳಲ್ಲಿ ಆ್ಯಂಟಿಡೆರಿವೇಟಿವ್ ಇಲ್ಲ, ಹುಡುಕಿ ಪ್ರಯೋಜನವಿಲ್ಲ. 19ನೇ ಶತಮಾನದಲ್ಲಿ ಜೋಸೆಫ್ ಲಿಯೂವಿಲ್ ಕಟ್ಟಿದ ಸಿದ್ಧಾಂತದಿಂದ ಅದು ಸಾಬೀತಾಗಿದೆ. ಈ ವರ್ಷ ಮಕ್ಕಳು ಮೊದಲು ಖಾಲಿ ಜಾಗ ತುಂಬಿದರು. ಗೆರೆ 1ರಿಂದ 0.3679ಕ್ಕೆ ಇಳಿಯುತ್ತದೆ, ಹಾಗಾಗಿ ಉತ್ತರ ಆ ಎರಡರ ನಡುವೆ. ಒಬ್ಬಳು ಗೆರೆ ಎಲ್ಲೂ 1 ಮೈನಸ್ ಎಕ್ಸ್ ವರ್ಗಕ್ಕಿಂತ ಕೆಳಗೆ ಹೋಗುವುದಿಲ್ಲ ಎಂದು ಕಂಡುಕೊಂಡು ಕೆಳಗಿನ ಅಂದಾಜನ್ನು 0.6667ಕ್ಕೆ ಏರಿಸಿದಳು. ಇನ್ನೊಂದು ಗುಂಪು ಅದಕ್ಕೆ ಎಕ್ಸ್‌ನ ನಾಲ್ಕನೇ ಘಾತದ ಅರ್ಧ ಕೂಡಿದರೆ ಮೇಲಿನ ಗೆರೆ ಸಿಗುತ್ತದೆ ಎಂದು 0.7667 ತಂದಿತು. ಆಮೇಲೆ ನಾಲ್ಕು ಪಟ್ಟಿ ಮಾಡಿ, ಮೊಬೈಲಿನಲ್ಲಿ ಐದು ಬೆಲೆ ತೆಗೆದು, ಸಿಂಪ್ಸನ್ ನಿಯಮ ಹಚ್ಚಿದೆವು: ತುದಿಗಳಿಗೆ ಒಂದು ಪಾಲು, ಒಂದು ಬಿಟ್ಟು ಒಂದಕ್ಕೆ ನಾಲ್ಕು ಪಾಲು, ನಡುವಿನದಕ್ಕೆ ಎರಡು ಪಾಲು. 0.7469 ಬಂತು. ಎಂಟು ಪಟ್ಟಿ ಮಾಡಿ ನೋಡೂಣ್ರೀ ಎಂದು ಕಿಟಕಿ ಪಕ್ಕದ ಬೆಂಚಿನವರು ಕೇಳಿದರು. ಬೆಲ್ ಆಗಿತ್ತು, ಮುಂದಿನ ಅವಧಿಯ ಮೇಷ್ಟ್ರು ಬಾಗಿಲಲ್ಲಿ ನಿಂತು ಐದು ನಿಮಿಷ ಬಿಟ್ಟುಕೊಟ್ಟರು. 0.746826. ನಿಜವಾದ ಬೆಲೆ 0.746824 ಎಂದು ಪಕ್ಕದಲ್ಲಿ ಬರೆದೆ.